ಲಾಯದ ಗಾಳಿ, ಲಾಯದ ನೆಲ



ಕುದುರೆಯ ಮಾತು ಬಂದರೆ ಅದರ ಓಟ, ತಳಿ, ಮೈಬಣ್ಣ, ಅದಕ್ಕೆ ಹಾಕುವ ಹುರುಳಿ, ಬೂಸಾ ಇವೆಲ್ಲ ಚರ್ಚೆಗೆ ಬರುತ್ತವೆ. ಅದು ನಿಂತಿರುವ ಜಾಗದ ಬಗ್ಗೆ ಮಾತಾಡುವವರು ಕಡಿಮೆ. ಬೆಂಗಳೂರು, ಮೈಸೂರಿನ ರೇಸ್ ಕುದುರೆಗಳು ಬೆಳಗಿನ ತಾಲೀಮು ಮುಗಿಸಿದರೆ ಉಳಿದ ಹೊತ್ತೆಲ್ಲ ಹೆಚ್ಚುಕಡಿಮೆ ಲಾಯದಲ್ಲೇ. ಅಶ್ವಾರೋಹಿ ಪೊಲೀಸರ ಕುದುರೆಗಳ ಪಾಡೂ ಅಷ್ಟೆ. ಮೈಸೂರಿನ ಟಾಂಗಾ ಕುದುರೆ ಹಗಲೆಲ್ಲ ಬೀದಿಯಲ್ಲಿದ್ದರೂ ರಾತ್ರಿ ಕಳೆಯುವುದು ತಗಡಿನ ಮಾಡಿನ ಕೆಳಗೆ. ಹುಲ್ಲುಗಾವಲಲ್ಲಿ ಅಡ್ಡಾಡಿಕೊಂಡು ಬಾಳಬೇಕಾದ ಪ್ರಾಣಿಯನ್ನು ನಾವು ನಮ್ಮ ಅನುಕೂಲಕ್ಕೆ ಗೋಡೆಗಳ ನಡುವೆ ತಂದು ಕಟ್ಟಿದ್ದೇವೆ. ಅಲ್ಲಿ ಯಾವ ಗಾಳಿ ಉಸಿರಾಡಬೇಕು, ಯಾವ ಬಕೆಟ್ಟಿಗೆ ಬಾಯಿ ಹಾಕಬೇಕು ಎಂಬುದನ್ನು ಅದು ಆರಿಸಿಕೊಳ್ಳುವ ಹಾಗಿಲ್ಲ. ಅದೇನಿದ್ದರೂ ಕಟ್ಟಿದವನ ಜವಾಬ್ದಾರಿ.

ಇವತ್ತು ಆ ಗಾಳಿ, ಆ ಬಕೆಟ್ಟುಗಳ ಬಗ್ಗೆಯೇ ಮಾತಾಡೋಣ. ಪಶುವೈದ್ಯನಾಗಿ ನಾನು ನೋಡಿದ ಲಾಯಗಳಲ್ಲಿ ಎದ್ದು ಕಾಣುವಷ್ಟು ಕೊಳಕಾದವು ಕಡಿಮೆ. ಕಣ್ಣಿಗೆ ಚೊಕ್ಕಟ, ಉಸಿರಿಗೆ ಕೊಳಕು, ಅಂಥವೇ ಹೆಚ್ಚು. "ನೋಡಿ ಡಾಕ್ಟ್ರೇ, ದಿನಾ ಫಿನಾಯಿಲ್ ಹಾಕಿ ತೊಳೀತೀವಿ, ನೆಲ ಹೆಂಗೆ ಫಳಫಳ ಅಂತಿದೆ, ಆದ್ರೂ ಇದರ ಕೆಮ್ಮು ಹೋಗ್ತಿಲ್ಲ" ಎನ್ನುತ್ತಾರೆ. "ಭಾಯಿ, ನೆಲ ನೋಡಿದ್ದಾಯ್ತು. ಈಗ ಬಾಗಿಲು ಎಳ್ಕೊಂಡು ಇಲ್ಲೇ ಸ್ವಲ್ಪ ಹೊತ್ತು ಕುಕ್ಕರುಗಾಲಲ್ಲಿ ಕೂತ್ಕೊಳ್ಳಿ" ಎನ್ನುತ್ತೇನೆ. ಅವರು ಕೂರುತ್ತಾರೆ. ಒಂದೆರಡು ನಿಮಿಷ ಆಗುವಷ್ಟರಲ್ಲಿ ಕಣ್ಣುಜ್ಜಿಕೊಂಡು ಮೇಲೇಳುತ್ತಾರೆ. ನಿಂತವರ ಮೂಗಿಗೆ ಬಾರದ ಘಾಟು ಕೂತವರ ಮೂಗಿಗೆ ಬರುತ್ತದೆ. ಮಲಗಿದ ಕುದುರೆಯ ಮೂಗು, ತಾಯಿಯ ಪಕ್ಕ ಒರಗಿದ ಮರಿಯ ಮೂಗು ಇರುವುದು ಅದಕ್ಕಿಂತಲೂ ಕೆಳಗೆ.

ಈ ಘಾಟಿಗೆ ಕಾರಣ ಅಮೋನಿಯ. ದೊಡ್ಡ ಕುದುರೆಯೊಂದು ದಿನಕ್ಕೆ ಸುಮಾರು 20 ಕೆಜಿ ಲದ್ದಿ ಹಾಕುತ್ತದೆ, 5ರಿಂದ 10 ಲೀಟರ್ ಮೂತ್ರ ಹೊಯ್ಯುತ್ತದೆ. ಮೂತ್ರದಲ್ಲಿರುವ ಯೂರಿಯಾವನ್ನು ಹಾಸಿನಲ್ಲೂ ಮಣ್ಣಿನಲ್ಲೂ ಇರುವ ಬ್ಯಾಕ್ಟೀರಿಯಗಳು ಒಡೆದಾಗ ಅಮೋನಿಯ ಏಳುತ್ತದೆ. ಅದು ಹುಟ್ಟುವುದು ನೆಲದಲ್ಲಿ, ದಟ್ಟವಾಗಿರುವುದೂ ನೆಲದ ಹತ್ತಿರ. ದಿನವೂ ಅಲ್ಲೇ ಕೆಲಸ ಮಾಡುವ ಸೈಸನ ಮೂಗಿಗೆ ವಾಸನೆ ಹೊಂದಿಕೊಂಡುಬಿಡುತ್ತದೆ. "ಲಾಯ ಅಂದ್ರೆ ಲಾಯದ ವಾಸನೆ ಇರಲೇಬೇಕಲ್ಲ" ಎಂದು ಅವನು ಹೇಳುವುದು ಅದಕ್ಕೇ. ಹಾಸನ್ನು ಮೇಲೆ ಮೇಲೆ ಬಿಡಿಸಿ ಲದ್ದಿ ತೆಗೆದರೆ ನೋಡಲು ಚೆನ್ನಾಗಿರುತ್ತದೆ, ಒದ್ದೆ ಭಾಗ ಅಡಿಯಲ್ಲೇ ಉಳಿದಿರುತ್ತದೆ. ರಬ್ಬರ್ ಮ್ಯಾಟ್ ಹಾಸಿದ ಕಡೆಯಂತೂ ಮೂತ್ರ ಸಂದುಗಳಲ್ಲಿ ಇಳಿದು ಮ್ಯಾಟಿನ ಅಡಿ ಹುಳಿಯುತ್ತದೆ. ಆಗಾಗ ಮ್ಯಾಟ್ ಎತ್ತಿ ಅಡಿ ನೋಡುವ ಲಾಯಗಳು ಬೆರಳೆಣಿಕೆಯಷ್ಟು. ಒದ್ದೆ ಹಾಸನ್ನು ನೆಲ ಕಾಣುವವರೆಗೆ ಬಗೆದು ತೆಗೆದು, ನೆಲ ಆರಲು ಬಿಟ್ಟು, ಆಮೇಲೆ ಒಣ ಹಾಸು ಎಳೆಯಬೇಕು. ನೆಲಕ್ಕೆ ಚರಂಡಿಯ ಕಡೆ ಸಣ್ಣ ಇಳಿಜಾರು ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ.

ಇಷ್ಟೊಂದು ಒತ್ತಿ ಹೇಳುವುದಕ್ಕೆ ಕುದುರೆಯ ಉಸಿರಾಟದ ರೀತಿಯೇ ಕಾರಣ. ನಾಯಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ನಮಗೆ ಮೂಗು ಕಟ್ಟಿದರೆ ಬಾಯಲ್ಲಿ ಉಸಿರಾಡುತ್ತೇವೆ. ಕುದುರೆಗೆ ಆ ಅನುಕೂಲವಿಲ್ಲ, ಅದರ ಉಸಿರಾಟವೆಲ್ಲ ಮೂಗಿನಲ್ಲೇ. ಸುಮ್ಮನೆ ನಿಂತಾಗ ನಿಮಿಷಕ್ಕೆ ಸುಮಾರು 12 ಉಸಿರು, ಒಂದೊಂದು ಉಸಿರಿಗೆ ಸುಮಾರು 5 ಲೀಟರ್ ಗಾಳಿ. ಲೆಕ್ಕ ಹಾಕಿದರೆ ದಿನಕ್ಕೆ 80,000 ಲೀಟರಿಗೂ ಮಿಕ್ಕುತ್ತದೆ. ನಾಗಾಲೋಟದಲ್ಲಿ ಹೆಜ್ಜೆಯ ಒಂದೊಂದು ನೆಗೆತಕ್ಕೆ ಒಂದೊಂದು ಉಸಿರು, ನಿಮಿಷಕ್ಕೆ 1,500 ಲೀಟರಿಗಿಂತ ಹೆಚ್ಚು ಗಾಳಿ ಆ ಎರಡು ಹೊಳ್ಳೆಗಳಲ್ಲೇ ಓಡಾಡಬೇಕು. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ದೂಳು, ರೋಗಾಣು ಅಂಟಿದ ಲೋಳೆಯನ್ನು ಅವು ಗಂಟಲ ಕಡೆಗೆ ದೂಡುತ್ತಲೇ ಇರುತ್ತವೆ. ಅಮೋನಿಯ ಮೊದಲು ಕೆಡಿಸುವುದು ಈ ರೋಮಗಳನ್ನು. ಕಸ ಗುಡಿಸುವ ಆಳೇ ಮಲಗಿದ ಮೇಲೆ ಬಂದ ರೋಗಾಣು ಒಳಗೇ ಬೀಡುಬಿಡುತ್ತದೆ.

ಇನ್ನೊಂದು ಸಂಗತಿ. ಈ ಲೋಳೆ ಹರಿದು ಹೊರಬರಲು ಕುದುರೆ ತಲೆ ತಗ್ಗಿಸಬೇಕು. ಬಯಲಲ್ಲಿ ಮೇಯುವ ಕುದುರೆ ದಿನದ ಹೆಚ್ಚು ಹೊತ್ತು ತಲೆ ಕೆಳಗೇ ಹಾಕಿರುತ್ತದೆ. ನಾವೋ ಗೋದಲಿಯನ್ನು ಎದೆಮಟ್ಟದಲ್ಲಿ ಕಟ್ಟುತ್ತೇವೆ, ಹುಲ್ಲಿನ ಬಲೆಯನ್ನು ಮುಖಕ್ಕೆ ಸರಿಯಾಗಿ ತೂಗುಹಾಕುತ್ತೇವೆ. ಅದು ಹುಲ್ಲು ಜಗ್ಗಿದಾಗಲೆಲ್ಲ ದೂಳು ನೇರ ಹೊಳ್ಳೆಗೆ. ಲಾರಿಯಲ್ಲಿ ದೂರದ ಪ್ರಯಾಣ ಮಾಡಿಸುವಾಗ ತಲೆ ಮೇಲೆತ್ತಿ ಕಟ್ಟಿ ಸಾಗಿಸಿದ ಕುದುರೆಗಳಿಗೆ ಎರಡು ಮೂರು ದಿನದಲ್ಲಿ ಜ್ವರ, ನ್ಯುಮೋನಿಯ ಬರುವುದಕ್ಕೂ ಇದೊಂದು ಮುಖ್ಯ ಕಾರಣ. ದಾರಿಯಲ್ಲಿ ಆಗಾಗ ನಿಲ್ಲಿಸಿ, ಹಗ್ಗ ಸಡಿಲಿಸಿ, ತಲೆ ತಗ್ಗಿಸಲು ಬಿಡಬೇಕು. ಲಾಯದಲ್ಲಿ ಹುಲ್ಲನ್ನು ಶುಭ್ರವಾದ ನೆಲದ ಮೇಲೋ ತಗ್ಗು ತೊಟ್ಟಿಯಲ್ಲೋ ಹಾಕಬೇಕು.

ದೂಳಿನ ವಿಷಯಕ್ಕೆ ಬರೋಣ. ಬೆಳಿಗ್ಗೆ ಲಾಯದ ಕಿಂಡಿಯಿಂದ ಬಿಸಿಲಕೋಲು ಒಳಗೆ ಬಿದ್ದಿರುವಾಗ ಸೈಸನಿಗೆ ಒಂದು ಹಿಡಿ ಒಣಹುಲ್ಲು ಕೊಡವಲು ಹೇಳಿ. ಆ ಬಿಸಿಲಲ್ಲಿ ಏಳುವ ದೂಳನ್ನು ನೋಡಿ. ಬೇಗ ಕೆಳಗೆ ಕೂರುವ ದಪ್ಪ ದೂಳು ಮೂಗಿನಲ್ಲೇ ನಿಂತುಹೋಗುತ್ತದೆ. ಕೂರದೆ ತೇಲುತ್ತಲೇ ಇರುವ ನಯವಾದ ದೂಳು ಶ್ವಾಸಕೋಶದ ತುದಿಯವರೆಗೂ ಇಳಿಯುವಂಥದ್ದು. ಅದರಲ್ಲಿ ಬೂಷ್ಟಿನ ಬೀಜಕಣಗಳು, ಸತ್ತ ಬ್ಯಾಕ್ಟೀರಿಯಗಳ ಚೂರುಗಳು, ಹುಳುಗಳ ಹೊಟ್ಟು ಎಲ್ಲ ಸೇರಿರುತ್ತವೆ. ವರ್ಷಗಟ್ಟಲೆ ಇದನ್ನು ಉಸಿರಾಡಿದ ಕುದುರೆಗೆ ಆಸ್ತಮಾ ಅಂಟಿಕೊಳ್ಳುತ್ತದೆ. ಮೊದಮೊದಲು ತಾಲೀಮಿನ ಶುರುವಿನಲ್ಲಿ ಎರಡು ಕೆಮ್ಮು. ಆಮೇಲೆ ಮೇವು ತಿನ್ನುವಾಗ ಕೆಮ್ಮು. ಕೊನೆಗೆ ನಿಂತಲ್ಲೇ ಹೊಳ್ಳೆ ಅರಳಿಸಿ, ಹೊಟ್ಟೆ ಒತ್ತಿ ಉಸಿರು ಬಿಡುವ ಸ್ಥಿತಿ. ಪಕ್ಕೆಯ ಕೆಳಗೆ ಒಂದು ಗೆರೆ ಮೂಡಿರುತ್ತದೆ, ಆ ಸ್ನಾಯು ದುಡಿದು ದುಡಿದು ಉಬ್ಬಿದ ಗುರುತು ಅದು. ಇಂಜೆಕ್ಷನ್ನಿನಿಂದ ತಾತ್ಕಾಲಿಕ ಆರಾಮ ಕೊಡಿಸಬಹುದು. ಗಾಳಿ ಬದಲಾಗದೆ ರೋಗ ಹಿಮ್ಮೆಟ್ಟುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಚೆನ್ನಾಗಿ ಒಣಗದ ಹುಲ್ಲನ್ನು ಒಟ್ಟಿದರೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಮಳೆಗಾಲದ ಹುಲ್ಲನ್ನು ಕೊಳ್ಳುವಾಗ ಕಂತೆಯ ಒಳಕ್ಕೆ ಕೈ ಹಾಕಿ ನೋಡಿ. ಬೆಚ್ಚಗಿದ್ದರೆ, ಮುಗ್ಗಲು ವಾಸನೆ ಬಂದರೆ ಬೇಡ. ಹುಲ್ಲಿನ ಅಟ್ಟವನ್ನು ಕುದುರೆಯ ತಲೆಯ ಮೇಲೇ ಕಟ್ಟುವುದು ಜಾಗ ಉಳಿಸುವ ಉಪಾಯ ನಿಜ, ಆದರೆ ದಿನವಿಡೀ ಅದರಿಂದ ಉದುರುವುದೆಲ್ಲ ಕೆಳಗಿನ ಪ್ರಾಣಿಗೆ. ಮೇವಿನ ಕೋಣೆ ಬೇರೆ ಇರಲಿ. ಕೊಡುವ ಮುಂಚೆ ಹುಲ್ಲನ್ನು ಹೊರಗಡೆ ಕೊಡವಿ, ಹತ್ತರಿಂದ ಮೂವತ್ತು ನಿಮಿಷ ನೀರಲ್ಲಿ ನೆನೆಸಿ, ನೀರು ಬಸಿದು ಹಾಕಿ. ಉಸಿರಿಗೆ ಸೇರುವ ದೂಳು ಬಹುಪಾಲು ಇಳಿದುಹೋಗುತ್ತದೆ. ನೆನೆಸಿದ್ದನ್ನು ನಮ್ಮ ಸೆಕೆಗೆ ಬಹಳ ಹೊತ್ತು ಇಡಬಾರದು, ಹುಳಿಯುತ್ತದೆ. ನೆನೆಸಿದ ನೀರನ್ನೂ ಚೆಲ್ಲಿಬಿಡಬೇಕು. ಹಸಿರು ಕುದುರೆ ಮಸಾಲೆ ಸೊಪ್ಪು ಸಿಗುವ ಕಡೆ ಈ ತೊಂದರೆ ತಾನಾಗಿಯೇ ಕಡಿಮೆ. ಇನ್ನು ಕಸ ಗುಡಿಸುವುದು. ಕುದುರೆಗಳನ್ನು ಒಳಗೆ ನಿಲ್ಲಿಸಿಕೊಂಡು ಒಣ ಬರಲಿನಲ್ಲಿ ಗರಗರ ಗುಡಿಸಿದರೆ ನೆಲದಲ್ಲಿದ್ದ ಕೊಳೆ ಗಾಳಿಗೆ ವರ್ಗವಾಗುತ್ತದೆ ಅಷ್ಟೆ. ಕುದುರೆಗಳು ತಾಲೀಮಿಗೆ ಹೋದಾಗ, ನೀರು ಚಿಮುಕಿಸಿ ಗುಡಿಸಿ.

ಗಾಳಿ ಆಡಿಸುವ ವಿಷಯದಲ್ಲಿ ನಮ್ಮ ಜನಕ್ಕೆ ಒಂದು ಭಯವಿದೆ. ಕುದುರೆಗೆ ಶೀತ ಆಗುತ್ತದೆ ಎಂದು. ಮೈಸೂರಿನಲ್ಲಿ ಆಷಾಢದ ಗಾಳಿ ಎದ್ದಿತೆಂದರೆ ಎಷ್ಟೋ ಕಡೆ ಗೋಣಿತಾಟು, ಟಾರ್ಪಾಲು ಇಳಿಬಿಟ್ಟು ಲಾಯವನ್ನು ಡಬ್ಬಿ ಮಾಡಿಬಿಡುತ್ತಾರೆ. ಒಣಗಿದ ಮೈಯ, ಹೊಟ್ಟೆ ತುಂಬಿದ ಕುದುರೆ ನಮ್ಮ ನಾಡಿನ ಚಳಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಅದಕ್ಕೆ ತೊಂದರೆಯಾಗುವುದು ನೇರ ಮೈಮೇಲೆ ಎರಚುವ ಮಳೆಗಾಳಿಯಿಂದ. ಎರಚಲು ಬರುವ ಬದಿಗೆ ಮಾತ್ರ ಮರೆ ಕಟ್ಟಿ, ಸೂರಿನ ಕೆಳಗಿನ ಸಂದನ್ನು ಮುಚ್ಚಬೇಡಿ. ಕುದುರೆಯ ಮೈಶಾಖಕ್ಕೆ ಬಿಸಿಯಾದ ಗಾಳಿ ತೇವವನ್ನೂ ಕೆಟ್ಟ ವಾಸನೆಯನ್ನೂ ಹೊತ್ತು ಮೇಲೇರುತ್ತದೆ. ಛಾವಣಿಯ ನೆತ್ತಿಯಲ್ಲಿ ಅದು ಹೋಗಲು ದಾರಿ ಬೇಕು, ಕೆಳಗೆ ಹೊಸ ಗಾಳಿ ಬರಲು ದಾರಿ ಬೇಕು. ಒಂದು ಗಂಟೆಯಲ್ಲಿ ಲಾಯದ ಗಾಳಿಯೆಲ್ಲ ಕಡೇಪಕ್ಷ ನಾಲ್ಕು ಸಲ ಬದಲಾಗಬೇಕು, ಆರೆಂಟು ಸಲವಾದರೆ ಉತ್ತಮ. ಅಳೆಯಲು ಯಂತ್ರ ಬೇಕಿಲ್ಲ. ಬೆಳಗಿನ ಜಾವ ತಗಡಿನ ಒಳಮೈಯಿಂದ ನೀರ ಹನಿ ತೊಟ್ಟಿಕ್ಕುತ್ತಿದ್ದರೆ, ಮೊಳೆಗಳು ತುಕ್ಕು ಹಿಡಿದಿದ್ದರೆ, ಮೂಲೆಗಳಲ್ಲಿ ದೂಳು ತುಂಬಿದ ಜೇಡರ ಬಲೆ ಜೋತಾಡುತ್ತಿದ್ದರೆ ಅಲ್ಲಿ ಗಾಳಿ ನಿಂತಿದೆ ಎಂದೇ ಅರ್ಥ.

ಇದೇನೂ ಇವತ್ತಿನ ತಿಳಿವಳಿಕೆಯಲ್ಲ. 1790ರ ದಶಕದಲ್ಲಿ ಲಂಡನ್ನಿನ ಪಶುವೈದ್ಯ ಕಾಲೇಜಿನಲ್ಲಿ ಪ್ರಾಧ್ಯಾಪಕನಾದ ಎಡ್ವರ್ಡ್ ಕೋಲ್ಮನ್, ಬ್ರಿಟಿಷ್ ಸೈನ್ಯದ ಲಾಯಗಳಿಗೆ ಗಾಳಿಕಿಂಡಿ ಇಡಿಸಬೇಕೆಂದು ಹಟ ಹಿಡಿದ. ಆಗಿನ ಲಾಯಗಳನ್ನು ಬೆಚ್ಚಗಿರಲೆಂದು ಬಿಗಿಯಾಗಿ ಮುಚ್ಚುತ್ತಿದ್ದರು, ಕುದುರೆಗಳು ಗ್ಲಾಂಡರ್ಸ್ ರೋಗದಿಂದ ಸಾಲುಸಾಲಾಗಿ ಸಾಯುತ್ತಿದ್ದವು. ಕಿಂಡಿ ತೆರೆದ ಮೇಲೆ ರೋಗ ಇಳಿಯಿತು. ಫ್ರಾನ್ಸಿನ ಅಶ್ವದಳದ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು. 1836ಕ್ಕೆ ಮುಂಚೆ ಅಲ್ಲಿ ವರ್ಷಕ್ಕೆ ಸಾವಿರ ಕುದುರೆಗಳಲ್ಲಿ 180ರಿಂದ 197 ಸಾಯುತ್ತಿದ್ದವು. ಲಾಯಗಳನ್ನು ವಿಶಾಲ ಮಾಡಿ ಗಾಳಿಯ ಪಾಲು ಹೆಚ್ಚಿಸಿದ ಮುಂದಿನ ಹತ್ತು ವರ್ಷಗಳಲ್ಲಿ ಅದು 68ಕ್ಕೆ ಇಳಿಯಿತು. ಆಗಿನ್ನೂ ರೋಗಾಣು ಎಂಬುದೇ ಗೊತ್ತಿರಲಿಲ್ಲ. ಗ್ಲಾಂಡರ್ಸ್ ಕೆಟ್ಟ ಗಾಳಿಯಿಂದಲೇ ಹುಟ್ಟುತ್ತದೆ ಎಂದು ಕೋಲ್ಮನ್ ನಂಬಿದ್ದ. ಆ ರೋಗದ ಬ್ಯಾಕ್ಟೀರಿಯವನ್ನು ಜರ್ಮನಿಯಲ್ಲಿ ಲೋಫ್ಲರ್ ಮತ್ತು ಶೂಟ್ಸ್ ಗುರುತಿಸಿದ್ದು 1882ರಲ್ಲಿ. ಒಂದು ಕುದುರೆಯ ಸಿಂಬಳ ಬಿದ್ದ ನೀರಿನ ತೊಟ್ಟಿ, ಮೇವಿನ ಗೋದಲಿ ಇವುಗಳಿಂದಲೇ ಅದು ಮುಖ್ಯವಾಗಿ ಹರಡುವುದೆಂದು ಗಟ್ಟಿಯಾಯಿತು. ಹೀಗೆ ಗಾಳಿಯ ಪಾಠಕ್ಕೆ ನೆಲ, ನೀರು, ಪಾತ್ರೆಗಳ ಪಾಠ ಸೇರಿಕೊಂಡಿತು.

ಈ ಎರಡನೆಯ ಪಾಠ ಕಲಿಯಲು ಬಕೆಟ್ಟಿಗಿಂತ ಒಳ್ಳೆಯ ಗುರು ಇಲ್ಲ. ಲಾಯದಲ್ಲಿ ನೀರು ಹಾಕುವುದನ್ನು ಗಮನಿಸಿ. ಸೈಸ್ ಉದ್ದನೆಯ ಪೈಪು ಹಿಡಿದು ಮೊದಲ ಕುದುರೆಯ ಬಕೆಟ್ಟಿನೊಳಗೆ ಪೈಪಿನ ಮೂತಿ ಮುಳುಗಿಸುತ್ತಾನೆ. ತುಂಬಿತು. ಅದೇ ಮೂತಿ ಎರಡನೆಯದಕ್ಕೆ, ಮೂರನೆಯದಕ್ಕೆ, ಸಾಲಿನ ಕೊನೆಯವರೆಗೆ. ಮೊದಲ ಬಕೆಟ್ಟಿನ ಕುದುರೆಗೆ ಮೂಗಿನಲ್ಲಿ ಸಿಂಬಳವಿದ್ದರೆ ಸಾಲಿಗೆಲ್ಲ ಹಂಚಿದಂತೆಯೇ ಆಯಿತು. ಪೈಪನ್ನು ಒಂದು ಗೇಣು ಮೇಲೆ ಹಿಡಿದು ನೀರು ಬಿಟ್ಟರೆ ಮುಗಿಯಿತು. ಇದಕ್ಕೆ ಕಾಸು ಖರ್ಚಿಲ್ಲ. ಹೀಗೆ ಹರಡುವ ರೋಗಗಳಲ್ಲಿ ಸ್ಟ್ರಾಂಗಲ್ಸ್ ಮುಖ್ಯವಾದದ್ದು. ದವಡೆಯ ಕೆಳಗೆ ಬಾವು ಬಂದು ಒಡೆದು ಕೀವು ಸುರಿಯುತ್ತದೆ, ನುಂಗಲಾಗದೆ ಕುದುರೆ ಕತ್ತು ಚಾಚಿ ನಿಲ್ಲುತ್ತದೆ. ಇದರ ಬ್ಯಾಕ್ಟೀರಿಯ ನೀರಲ್ಲೂ ಒದ್ದೆ ಜಾಗದಲ್ಲೂ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬದುಕಿರಬಲ್ಲದು. ಬಿಸಿಲು ಬಿದ್ದ ಒಣ ಜಾಗದಲ್ಲಿ ಬೇಗ ಸಾಯುತ್ತದೆ. ವಾಸಿಯಾದಂತೆ ಕಂಡ ಕುದುರೆಗಳಲ್ಲಿ ಹತ್ತಕ್ಕೊಂದು, ಗಂಟಲ ಬದಿಯ ಗಾಳಿಚೀಲದಲ್ಲಿ ರೋಗಾಣುವನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಹಂಚುತ್ತಿರುತ್ತದೆ. ಅದಕ್ಕೇ ಕುದುರೆಗೊಂದು ಬಕೆಟ್, ಕುದುರೆಗೊಂದು ಮೈಬ್ರಷ್, ಕುದುರೆಗೊಂದು ಕಡಿವಾಣ ಎಂಬ ನಿಯಮ. ಬಕೆಟ್ಟಿನ ಮೇಲೆ ಬಣ್ಣದಲ್ಲಿ ಕುದುರೆಯ ಹೆಸರು ಬರೆಯಿಸಿ, ಅದಲುಬದಲು ಆಗದು.

ಈಗ ತೊಳೆಯುವ ಕ್ರಮ. ಫಿನಾಯಿಲ್ ಇರಲಿ, ಬ್ಲೀಚಿಂಗ್ ಪೌಡರ್ ಇರಲಿ, ಲದ್ದಿ, ಹುಲ್ಲು, ಸಿಂಬಳದ ಮೇಲೆ ಸುರಿದರೆ ಕೆಲಸ ಮಾಡುವುದಿಲ್ಲ. ಔಷಧಿಯ ಶಕ್ತಿಯೆಲ್ಲ ಆ ಕೊಳೆಗೇ ಖರ್ಚಾಗಿ, ಕೆಳಗಿನ ರೋಗಾಣು ಸುರಕ್ಷಿತವಾಗಿ ಉಳಿಯುತ್ತದೆ. ಮೊದಲು ಕುದುರೆಯನ್ನು ಹೊರಗೆ ಕಟ್ಟಿ. ಹಾಸು, ಲದ್ದಿ ಪೂರ್ತಿ ತೆಗೆಯಿರಿ. ಸೋಪಿನ ನೀರು ಹಾಕಿ ಮೇಲಿನಿಂದ ಕೆಳಕ್ಕೆ ಉಜ್ಜಿ. ಬಾಗಿಲ ಚಿಲಕ, ಕುದುರೆ ಕಡಿಯುವ ಬಾಗಿಲ ಅಂಚು, ಗೋದಲಿಯ ಮೂಲೆ, ಕಟ್ಟುವ ಬಳೆ ಇವನ್ನು ಬಿಡಬೇಡಿ. ಹೆಚ್ಚು ಮುಟ್ಟುವುದು, ಕಡಿಮೆ ತೊಳೆಯುವುದು ಇವನ್ನೇ. ರಭಸದ ಪ್ರೆಷರ್ ಪೈಪು ಬೇಡ, ಅದು ಕೊಳೆಯನ್ನು ತುಂತುರಾಗಿಸಿ ಪಕ್ಕದ ಕುದುರೆಯ ಮೂಗಿಗೆ ತಲುಪಿಸುತ್ತದೆ. ಸೋಪಿನ ನೀರು ಹೋಗುವಂತೆ ತೊಳೆದು, ಆರಲು ಬಿಟ್ಟು, ಆಮೇಲೆ ಕ್ರಿಮಿನಾಶಕ. ಶೇಕಡ 5ರ ದ್ರವ ಬ್ಲೀಚ್ ಆದರೆ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ, ಹತ್ತು ನಿಮಿಷ ಒದ್ದೆಯಾಗಿಯೇ ಇರುವಂತೆ ಹಚ್ಚಬೇಕು. ಬೇರೆ ಔಷಧಿಯಾದರೆ ಚೀಟಿಯಲ್ಲಿ ಬರೆದ ಅಳತೆ, ಬರೆದ ಹೊತ್ತು. ಬಳಿದು ಮರುಕ್ಷಣ ಒರೆಸಿದರೆ ಉಳಿಯುವುದು ವಾಸನೆ ಮಾತ್ರ. ಬಕೆಟ್, ಗೋದಲಿಗಳನ್ನು ಕೊನೆಗೆ ಮತ್ತೆ ನೀರಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿ.

ಇಲ್ಲೊಂದು ಎಚ್ಚರಿಕೆಯ ಮಾತು. ಮೂತ್ರ ನಿಂತ ನೆಲಕ್ಕೆ ಬ್ಲೀಚ್ ಸುರಿಯಬೇಡಿ. ಅಮೋನಿಯ, ಬ್ಲೀಚ್ ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ. ಕುದುರೆಗೂ, ಬಾಗಿ ಉಜ್ಜುತ್ತಿರುವ ಸೈಸನಿಗೂ ಅಪಾಯ. ಬ್ಲೀಚಿಗೆ ಟಾಯ್ಲೆಟ್ ಆಸಿಡ್ ಆಗಲಿ, ಇನ್ನೊಂದು ಔಷಧಿಯಾಗಲಿ ಬೆರೆಸಲೇಬಾರದು. ಮಣ್ಣಿನ ನೆಲ, ಒರಟು ಮರದ ಹಲಗೆ ಇರುವ ಲಾಯಗಳನ್ನು ಪೂರ್ತಿ ಶುದ್ಧ ಮಾಡುವುದು ಕಷ್ಟ. ಅಂಥ ಕಡೆ ಹಲಗೆಗೆ ಬಣ್ಣ ಹೊಡೆದು ರಂಧ್ರ ಮುಚ್ಚಬೇಕು, ಗೋಡೆಗೆ ವರ್ಷಕ್ಕೆ ಎರಡು ಸಲವಾದರೂ ಸುಣ್ಣ ಬಳಿಯಬೇಕು, ನೆಲದ ಮೇಲುಮಣ್ಣು ಕೆತ್ತಿ ತೆಗೆದು ಹೊಸ ಮಣ್ಣು ಬಡಿಯಬೇಕು. ತಿಪ್ಪೆ ಲಾಯದಿಂದ ದೂರವಿರಲಿ, ಗಾಳಿ ಬೀಸುವ ದಿಕ್ಕಿಗೆ ಆಚೆ ಇರಲಿ. ಸೆಕೆಗಾಲದಲ್ಲಿ ವಾರ ಹತ್ತು ದಿನದಲ್ಲಿ ನೊಣದ ಮೊಟ್ಟೆ ನೊಣವಾಗಿ ಹಾರುತ್ತದೆ, ತಿಪ್ಪೆಯನ್ನು ಅಷ್ಟರೊಳಗೆ ಸಾಗಿಸಬೇಕು.

ಗಾಳಿ, ಕೈ ಎರಡೂ ದಾರಿಯಲ್ಲಿ ಬರುವ ರೋಗ ಕುದುರೆಗಳ ಇನ್‌ಫ್ಲುಯೆಂಜ. ಒಂದು ಕುದುರೆ ಕೆಮ್ಮಿದರೆ ಹನಿಗಳು ಹತ್ತಾರು ಮೀಟರ್ ಹಾರುತ್ತವೆ. 2008ರಲ್ಲಿ ಜಮ್ಮುವಿನ ಕಟ್ರಾ ಕಡೆ ಕಾಣಿಸಿಕೊಂಡ ಈ ರೋಗ ಹಲವು ರಾಜ್ಯಗಳಿಗೆ ಹಬ್ಬಿತು. ಆ ವರ್ಷ ಬೇರ್ಪಡಿಸಿದ ವೈರಸ್ ಮಾದರಿಗಳಲ್ಲಿ ಒಂದಕ್ಕೆ ವಿಜ್ಞಾನಿಗಳ ದಾಖಲೆಯಲ್ಲಿ ಮೈಸೂರಿನ ಹೆಸರೇ ಇದೆ. ಅದಕ್ಕೆ ಹಿಂದಿನ ವರ್ಷ, ಅಂದರೆ 2007ರಲ್ಲಿ, ಎಂದೂ ಈ ರೋಗ ಕಾಣದ ಆಸ್ಟ್ರೇಲಿಯಕ್ಕೆ ಅದು ನುಗ್ಗಿತ್ತು. ಹೊರದೇಶದಿಂದ ಬಂದ ಕುದುರೆಗಳನ್ನು ಸಿಡ್ನಿಯ ಹತ್ತಿರದ ಸರ್ಕಾರಿ ಕ್ವಾರಂಟೈನಿನಲ್ಲೇ ಇಟ್ಟಿದ್ದರು. ಆದರೂ ವೈರಸ್ ಹೊರಬಿತ್ತು. ಸರಿಯಾಗಿ ಶುಚಿಯಾಗದೆ ಹೊರಗೆ ಹೋದ ಯಾರದೋ ಮೈಮೇಲೋ ಬಟ್ಟೆಯಲ್ಲೋ ಸಾಮಾನಿನಲ್ಲೋ ಅದು ಹೋಗಿರುವ ಸಾಧ್ಯತೆಯೇ ಹೆಚ್ಚು ಎಂದು ವಿಚಾರಣೆ ನಡೆಸಿದ ಆಯೋಗ ಹೇಳಿತು. ನಾಲ್ಕೇ ತಿಂಗಳಲ್ಲಿ 70,000ಕ್ಕೂ ಮಿಕ್ಕಿ ಕುದುರೆಗಳಿಗೆ ರೋಗ ತಗುಲಿತು. ಇನ್‌ಫ್ಲುಯೆಂಜದ ವೈರಸ್ಸು ಸೋಪಿಗೇ ಸಾಯುವಷ್ಟು ದುರ್ಬಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2021ರಲ್ಲಿ ಸ್ಪೇನಿನ ವೆಲೆನ್ಸಿಯದ ಸ್ಪರ್ಧೆಯಲ್ಲಿ ದೊಡ್ಡ ಡೇರೆಗಳಲ್ಲಿ ಒಟ್ಟಿಗೆ ಕಟ್ಟಿದ್ದ ಕುದುರೆಗಳಿಗೆ ಹರ್ಪಿಸ್ ವೈರಸ್ ರೋಗ ಬಡಿದು 18 ಕುದುರೆಗಳು ಸತ್ತವು. ಅವೆಲ್ಲ ಬೆಲೆಬಾಳುವ, ದಿನವೂ ವೈದ್ಯರು ನೋಡುವ ಕುದುರೆಗಳೇ.

ಆದ್ದರಿಂದ ಹೊಸ ಕುದುರೆ ಬಂದರೆ, ಅಥವಾ ಮೇಳ, ಮೆರವಣಿಗೆ, ರೇಸು ಮುಗಿಸಿ ಹಳೆಯದೇ ಹಿಂತಿರುಗಿದರೂ, ನೇರ ಸಾಲಿಗೆ ಕಟ್ಟಬೇಡಿ. ಹೊಸದನ್ನು ಮೂರು ವಾರ ಬೇರೆ ಗಾಳಿಯಲ್ಲಿ ಇಡಿ. ಅದಕ್ಕೆ ಬೇರೆ ಬಕೆಟ್, ಬೇರೆ ಸಲಿಕೆ. ಸಾಧ್ಯವಾದರೆ ಬೇರೆ ಆಳು, ಇಲ್ಲದಿದ್ದರೆ ಅದರ ಕೆಲಸ ಕೊನೆಗೆ, ಆಮೇಲೆ ಕೈಕಾಲು ಸೋಪಿನಲ್ಲಿ ತೊಳೆದು ಅಂಗಿ ಬದಲಿಸುವುದು. ದಿನಕ್ಕೆರಡು ಸಲ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳಿ. 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸಹಜ, 101.5 ದಾಟಿದರೆ ಎಚ್ಚರ. ಸ್ಟ್ರಾಂಗಲ್ಸಿನಲ್ಲಿ ಜ್ವರ ಬಂದು ಎರಡು ಮೂರು ದಿನವಾದ ಮೇಲೆ ರೋಗಾಣು ಮೂಗಿನಿಂದ ಹೊರಬೀಳತೊಡಗುತ್ತದೆ. ಜ್ವರ ಕಂಡ ದಿನವೇ ಬೇರೆ ಕಟ್ಟಿದರೆ ಉಳಿದ ಕುದುರೆಗಳು ಪಾರು. ದವಡೆ ಬಾತು ಕೀವು ಸುರಿದ ಮೇಲೆ ಬೇರೆ ಕಟ್ಟುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದ ಹಾಗೆ.

ಗ್ಲಾಂಡರ್ಸ್ ಬಗ್ಗೆ ಒಂದು ಮಾತು ಸೇರಿಸಬೇಕು. ಹಳೆಯ ಕಾಲದ ರೋಗ ಎಂದು ಮರೆಯುವ ಹಾಗಿಲ್ಲ, 2006ರಿಂದ ಈಚೆಗೆ ನಮ್ಮ ದೇಶದಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಮೂಗಿನಿಂದ ಅಂಟಾದ ಸಿಂಬಳ, ಹೊಳ್ಳೆಯೊಳಗೆ ಹುಣ್ಣು, ಚರ್ಮದ ಕೆಳಗೆ ಸಾಲುಗಂಟು ಕಂಡರೆ ಮುಟ್ಟಬೇಡಿ, ಮನೆಮದ್ದು ಮಾಡಬೇಡಿ. ಅದು ಮನುಷ್ಯರಿಗೂ ಹತ್ತುತ್ತದೆ, ಪ್ರಾಣಕ್ಕೇ ಕುತ್ತು. ಕೂಡಲೇ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಬೇಕು, 2009ರ ಕೇಂದ್ರ ಕಾಯಿದೆಯ ಪ್ರಕಾರ ತಿಳಿಸುವುದು ಕಡ್ಡಾಯ.

ಒಂದೇ ಕುದುರೆ ಇಟ್ಟುಕೊಂಡು ಅದರ ದುಡಿಮೆಯಲ್ಲಿ ಸಂಸಾರ ತೂಗಿಸುವವರು "ಇದೆಲ್ಲ ರೇಸಿನ ದೊಡ್ಡವರಿಗೆ ಸರಿ" ಎನ್ನಬಹುದು. ನಾನು ಹೇಳಿದ್ದರಲ್ಲಿ ದುಡ್ಡು ಕೇಳುವುದು ಸ್ವಲ್ಪವೇ. ಪೈಪು ಮೇಲೆ ಹಿಡಿಯುವುದಕ್ಕೆ, ಹುಲ್ಲು ನೆನೆಸುವುದಕ್ಕೆ, ಟಾರ್ಪಾಲು ಸರಿಸುವುದಕ್ಕೆ, ಒದ್ದೆ ಹಾಸು ಅಡಿಯಿಂದ ಬಗೆಯುವುದಕ್ಕೆ ಬೇಕಾದ್ದು ಮೈಗೆಲಸ. ಆಸ್ತಮಾ ಗಟ್ಟಿಯಾದ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದು ಅಪರೂಪ, ಆ ಕುದುರೆ ಆಮೇಲೆ ಗಾಡಿಯನ್ನೂ ಎಳೆಯಲಾರದು, ಮಾರಾಟಕ್ಕೂ ಬಾರದು. ಇವತ್ತು ರಾತ್ರಿ ಮಲಗುವ ಮುಂಚೆ ಲಾಯಕ್ಕೆ ಹೋಗಿ, ಕುದುರೆ ಮಲಗುವ ಕಡೆ ಕುಕ್ಕರುಗಾಲಲ್ಲಿ ಕೂತು ಉಸಿರೆಳೆದು ನೋಡಿ. ಕಣ್ಣು ಉರಿದರೆ ನಾಳೆ ಬೆಳಿಗ್ಗೆ ಮೊದಲು ಹಾಸು ತೆಗೆಯಿರಿ, ಸೂರಿನ ಸಂದು ಬಿಡಿಸಿ. ಫಿನಾಯಿಲ್ ಬಾಟಲಿಗೆ ಕೈ ಹಾಕುವುದು ಆಮೇಲೆ.